ಹುಡುಕದ ವಿಷ ವರದಿಯಲ್ಲಿ ಸಿಗುವುದಿಲ್ಲ

ಎಲ್ಲರಿಗೂ ನಮಸ್ಕಾರ.

1959ರ ಡಿಸೆಂಬರ್‌ನಲ್ಲಿ ಜಪಾನಿನ ಮಿನಮಾಟಾ ಪಟ್ಟಣದಲ್ಲಿ ಚಿಸ್ಸೊ ಎಂಬ ರಾಸಾಯನಿಕ ಕಂಪನಿ ತನ್ನ ಕಾರ್ಖಾನೆಯಿಂದ ಕೊಲ್ಲಿಗೆ ಬಿಡುವ ತ್ಯಾಜ್ಯನೀರನ್ನು ಶುದ್ಧೀಕರಿಸುವ ಹೊಸ ಘಟಕವೊಂದನ್ನು ಉದ್ಘಾಟಿಸಿತು. ಅದರ ಹೆಸರು ಸೈಕ್ಲೇಟರ್. ಅಷ್ಟು ಹೊತ್ತಿಗೆ ಆ ಕೊಲ್ಲಿಯ ಮೀನು ತಿಂದವರ ಕೈಕಾಲು ನಡುಗತೊಡಗಿ, ಮಾತು ತೊದಲಿ, ದೃಷ್ಟಿ ಕಿರಿದಾಗಿ, ಹಲವರು ಸತ್ತೂ ಹೋಗಿದ್ದರು. ಕಾಯಿಲೆ ಅಧಿಕೃತವಾಗಿ ದಾಖಲಾಗಿ ಮೂರೂವರೆ ವರ್ಷ ಕಳೆದಿತ್ತು. ಹೊಸ ಘಟಕ ಬಂತು, ಇನ್ನು ಸಮಸ್ಯೆ ಮುಗಿಯಿತು ಎಂದು ಜನ ನಂಬಿದರು. ಆದರೆ ಆ ಕಾಯಿಲೆಗೆ ಕಾರಣವಾದ, ನೀರಿನಲ್ಲಿ ಕರಗಿದ ಸಾವಯವ ಪಾದರಸವನ್ನು ತೆಗೆಯುವ ಶಕ್ತಿಯೇ ಆ ಯಂತ್ರಕ್ಕಿರಲಿಲ್ಲ. ಅದನ್ನು ಆ ಕೆಲಸಕ್ಕೆಂದು ಕಟ್ಟಿಯೂ ಇರಲಿಲ್ಲ.

ಕಂಪನಿಯ ಒಳಗೆ ಒಬ್ಬರಿಗಾದರೂ ನಿಜ ಗೊತ್ತಿತ್ತು. ಕಾರ್ಖಾನೆಯದೇ ಆಸ್ಪತ್ರೆಯ ಮುಖ್ಯಸ್ಥ ಡಾ. ಹೊಸೊಕಾವಾ ಅಸಿಟಾಲ್ಡಿಹೈಡ್ ಎಂಬ ರಾಸಾಯನಿಕ ತಯಾರಿಸುವ ವಿಭಾಗದ ತ್ಯಾಜ್ಯನೀರನ್ನು ಬೆಕ್ಕೊಂದರ ಆಹಾರಕ್ಕೆ ಬೆರೆಸಿ ಕೊಡುತ್ತಾ ಬಂದಿದ್ದರು. ಅದು 400ನೇ ಸಂಖ್ಯೆಯ ಬೆಕ್ಕು. ಅಕ್ಟೋಬರ್ 1959ರಲ್ಲಿ ಅದಕ್ಕೂ ಅದೇ ಕಾಯಿಲೆ ಬಂತು. ಫಲಿತಾಂಶವನ್ನು ಕಂಪನಿ ಹೊರಗೆ ಬಿಡಲಿಲ್ಲ. ಪಾದರಸ ಬಳಸಿ ಅಸಿಟಾಲ್ಡಿಹೈಡ್ ತಯಾರಿಸುವುದು 1968ರವರೆಗೂ ಮುಂದುವರಿಯಿತು. ಆ ಅಸಿಟಾಲ್ಡಿಹೈಡ್‌ನ ದೊಡ್ಡ ಪಾಲು ಹೋಗುತ್ತಿದ್ದದ್ದು ಪಿವಿಸಿ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುವ ರಾಸಾಯನಿಕದ ತಯಾರಿಕೆಗೆ.

ಈ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. ಅಷ್ಟಾಗಿ ಗೊತ್ತಿಲ್ಲದ ಭಾಗ ಇದು: ಕಾರ್ಖಾನೆಗಳ ತ್ಯಾಜ್ಯನೀರನ್ನು ನಿಯಂತ್ರಿಸುವ ಎರಡು ಕಾನೂನುಗಳು 1958ರ ಕೊನೆಯಲ್ಲೇ ಜಪಾನಿನಲ್ಲಿ ಬಂದಿದ್ದವು. ಅವನ್ನು ಮಿನಮಾಟಾಕ್ಕೆ ಅನ್ವಯಿಸಲಿಲ್ಲ, ಅಷ್ಟೇ. 2004ರಲ್ಲಿ ಜಪಾನಿನ ಸುಪ್ರೀಂ ಕೋರ್ಟು ಈ ಲೋಪಕ್ಕೆ ಸರ್ಕಾರವನ್ನೇ ಹೊಣೆ ಮಾಡಿತು. 1959 ಮುಗಿಯುವ ಹೊತ್ತಿಗೆ ಅಧಿಕಾರ ಕೈಯಲ್ಲಿತ್ತು, ಅಪಾಯದ ಅರಿವೂ ಇತ್ತು, ಆದರೂ ಬಳಸಲಿಲ್ಲ ಎಂಬುದು ಆ ತೀರ್ಪಿನ ತಿರುಳು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ, ನಲವತ್ತೈದು ವರ್ಷ ತಡವಾಗಿ ಬಂದ ತೀರ್ಪು.

ನಾನು ಇವತ್ತು ಹೇಳಬೇಕಾದ್ದು ಒಂದೇ ಮಾತು. ನೀರಿನಲ್ಲಿ ಏನಿದೆ ಎಂಬುದನ್ನು ತಿಳಿಸುವ ಹೊಣೆ ಅದನ್ನು ಹೊರಬಿಡುವವನ ಮೇಲೆ ಇರಬೇಕು. ಈಗ ಬಹುಮಟ್ಟಿಗೆ ಅದನ್ನು ಊಹಿಸಿ, ಹುಡುಕಿ, ಸಾಬೀತು ಮಾಡುವ ಹೊಣೆ ನದಿಯ ಕೆಳಹರಿವಿನಲ್ಲಿ ಬದುಕುವ ಜನರ ಮೇಲಿದೆ.

ಯಾಕೆ ಹೀಗೆ ಹೇಳುತ್ತೇನೆ ಎಂಬುದಕ್ಕೆ ಮೊದಲು ಪ್ರಯೋಗಾಲಯಕ್ಕೆ ಬನ್ನಿ. ತ್ಯಾಜ್ಯನೀರಿನ ವರದಿ ತೆಗೆದರೆ ಮೊದಲು ಕಣ್ಣಿಗೆ ಬೀಳುವುದು ಬಿಒಡಿ. ನೀರಿನಲ್ಲಿರುವ ಕೊಳೆಯನ್ನು ತಿನ್ನಲು ಬ್ಯಾಕ್ಟೀರಿಯಾಗಳಿಗೆ ಎಷ್ಟು ಆಮ್ಲಜನಕ ಬೇಕಾಯಿತು ಎಂಬ ಲೆಕ್ಕ ಅದು. ಸಾಮಾನ್ಯವಾಗಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 5 ದಿನ ಇಟ್ಟು ಅಳೆಯುತ್ತಾರೆ. ಮನೆಗಳ ಚರಂಡಿ ನೀರಿಗೆ ಇದು ಒಳ್ಳೆಯ ಅಳತೆ. ರಾಸಾಯನಿಕ ಕಾರ್ಖಾನೆಯ ನೀರಿನಲ್ಲಿ ಇದೇ ಅಳತೆ ದಾರಿ ತಪ್ಪಿಸಬಹುದು. ನೀರಿನಲ್ಲಿ ವಿಷ ಜಾಸ್ತಿ ಇದ್ದರೆ ಬಾಟಲಿಯೊಳಗಿನ ಬ್ಯಾಕ್ಟೀರಿಯಾಗಳೇ ಸಾಯುತ್ತವೆ. ಸತ್ತವು ಆಮ್ಲಜನಕ ಬಳಸುವುದಿಲ್ಲ. ಬಿಒಡಿ ಕಡಿಮೆ ಬರುತ್ತದೆ, ವರದಿ ಚೆನ್ನಾಗಿ ಕಾಣುತ್ತದೆ. ಸಿಒಡಿ, ಅಂದರೆ ಬ್ಯಾಕ್ಟೀರಿಯಾಗಳ ಬದಲು ರಾಸಾಯನಿಕದಿಂದಲೇ ಕೊಳೆಯನ್ನು ಉತ್ಕರ್ಷಿಸಿ ಅಳೆಯುವ ಆಮ್ಲಜನಕದ ಲೆಕ್ಕ, ಬಹಳ ಹೆಚ್ಚಿದ್ದು ಬಿಒಡಿ ಮಾತ್ರ ತೀರಾ ಕಡಿಮೆ ಇರುವ ವರದಿ ಕೈಗೆ ಬಂದರೆ ಅಲ್ಲೇ ನಿಂತು ಯೋಚಿಸಿ. ಆ ನೀರಿನಲ್ಲಿ ಜೀವಿಗಳು ತಿನ್ನಲಾರದ್ದು, ಅಥವಾ ತಿಂದರೆ ಸಾಯುವಂಥದ್ದು ಏನೋ ಇದೆ ಎಂದು ಅರ್ಥ.

ಇನ್ನು ಸಾಂದ್ರತೆಯ ವಿಷಯ. ಒಂದು ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಮಿತಿ ಹಾಕಿ ಸುಮ್ಮನಾದರೆ ಏನಾಗುತ್ತದೆ? ಹತ್ತು ಲಕ್ಷ ಲೀಟರ್ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ವಿಷ ಇದ್ದರೆ ಒಟ್ಟು 1 ಕಿಲೋ. ಅದಕ್ಕೆ ತಂಪು ಮಾಡುವ ಯಂತ್ರಗಳ ನೀರನ್ನೋ ಮಳೆನೀರನ್ನೋ ಸೇರಿಸಿ ಒಂದು ಕೋಟಿ ಲೀಟರ್ ಮಾಡಿ. ಈಗ ಲೀಟರಿಗೆ 0.1 ಮಿಲಿಗ್ರಾಂ. ವರದಿಯ ಪ್ರಕಾರ ಹತ್ತು ಪಟ್ಟು ಸುಧಾರಣೆ. ನದಿಗೆ ಹೋದದ್ದು ಮಾತ್ರ ಅದೇ 1 ಕಿಲೋ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದರೆ ಹುಳಿ ಕಾಣೆಯಾಗುತ್ತದೆ, ನಿಜ. ಪಾದರಸ ಕಾಣೆಯಾಗುವುದಿಲ್ಲ. ಪಾಚಿಯಿಂದ ಸಣ್ಣ ಮೀನಿಗೆ, ಸಣ್ಣದರಿಂದ ದೊಡ್ಡದಕ್ಕೆ ಏರುತ್ತಾ ಮತ್ತೆ ಗಟ್ಟಿಯಾಗುತ್ತದೆ. ಚಿಸ್ಸೊ 1958ರಲ್ಲಿ ತನ್ನ ನೀರಿನ ದಾರಿಯನ್ನು ಬಂದರಿನಿಂದ ನದಿಯ ಬಾಯಿಗೆ ತಿರುಗಿಸಿತ್ತು. ಕಾಯಿಲೆ ಹೊಸ ಊರುಗಳಿಗೆ ಹರಡಿತು.

ಆದ್ದರಿಂದಲೇ ಒಳ್ಳೆಯ ನಿಯಮ ಒಟ್ಟು ತೂಕವನ್ನು ಕೇಳುತ್ತದೆ. ಅಮೆರಿಕ 1972ರಲ್ಲಿ ತನ್ನ ಶುದ್ಧ ನೀರಿನ ಕಾಯ್ದೆ ತಂದಾಗ ಅಧ್ಯಕ್ಷ ನಿಕ್ಸನ್ ಅದಕ್ಕೆ ವೀಟೊ ಹಾಕಿದ್ದರು. ಸಂಸತ್ತು ಅದನ್ನು ಮೀರಿ ಅಂಗೀಕರಿಸಿತು. ಆ ಕಾಯ್ದೆಯ ದೊಡ್ಡ ವಿಚಾರ ಒಂದಿದೆ. ನದಿ ಹಾಳಾಗಿದೆ ಎಂದು ಸಾಬೀತಾಗುವವರೆಗೂ ಕಾಯಬೇಕಿಲ್ಲ. ಆ ಉದ್ಯಮದಲ್ಲಿ ಲಭ್ಯವಿರುವ ಒಳ್ಳೆಯ ತಂತ್ರಜ್ಞಾನದಿಂದ ನೀರನ್ನು ಎಷ್ಟು ಸ್ವಚ್ಛ ಮಾಡಲು ಸಾಧ್ಯವೋ ಅಷ್ಟನ್ನು ಎಲ್ಲ ಕಾರ್ಖಾನೆಗಳೂ ಮಾಡಲೇಬೇಕು. ಪರವಾನಗಿಯ ಅವಧಿ 5 ವರ್ಷ ಮೀರುವಂತಿಲ್ಲ. ಹೀಗೆ ಒಂದೊಂದೇ ಉದ್ಯಮಕ್ಕೆ ಮಿತಿ ಬರೆಯುತ್ತಾ ಬಂದರು. ಸಾವಯವ ರಾಸಾಯನಿಕ, ಪ್ಲಾಸ್ಟಿಕ್ ಮತ್ತು ಕೃತಕ ನಾರು ಉದ್ಯಮಗಳ ಸರದಿ 1987ರಲ್ಲಿ ಬಂತು. ಬೆಂಜೀನ್, ವಿನೈಲ್ ಕ್ಲೋರೈಡ್, ಟಾಲೂಯೀನ್ ಮೊದಲಾದ 60ಕ್ಕೂ ಹೆಚ್ಚು ವಿಷವಸ್ತುಗಳಿಗೆ ಪ್ರತ್ಯೇಕ ಮಿತಿ. ಬ್ಯಾಕ್ಟೀರಿಯಾಗಳಿಂದ ಕೊಳೆ ತಿನ್ನಿಸುವ ಜೈವಿಕ ಶುದ್ಧೀಕರಣ ಇರುವ ಕಾರ್ಖಾನೆಯಲ್ಲಿ ಬೆಂಜೀನ್ ಯಾವ ದಿನವೂ ಲೀಟರಿಗೆ 136 ಮೈಕ್ರೋಗ್ರಾಂ ದಾಟಬಾರದು, ತಿಂಗಳ ಸರಾಸರಿ 37 ಮೀರಬಾರದು. ಈ ಸಂಖ್ಯೆಯನ್ನು ಉತ್ಪಾದನೆಯಲ್ಲಿ ಬಳಕೆಯಾದ ನೀರಿನ ಪ್ರಮಾಣದಿಂದ ಗುಣಿಸಿ ತೂಕದ ಮಿತಿ ಹಾಕುತ್ತಾರೆ. ತಂಪು ನೀರು ಬೆರೆಸಿ ಪಾರಾಗುವ ದಾರಿ ಮುಚ್ಚಿತು. ನನ್ನ ಮಟ್ಟಿಗೆ ಆ ನಿಯಮದ ಅತ್ಯಂತ ಬುದ್ಧಿವಂತ ಸಾಲು ಅದು.

ಆದರೆ ಪಟ್ಟಿಗೆ ಒಂದು ದೌರ್ಬಲ್ಯ ಇದೆ. ಪಟ್ಟಿಯಲ್ಲಿ ಇಲ್ಲದ್ದನ್ನು ಯಾರೂ ಹುಡುಕುವುದಿಲ್ಲ.

ಪಶ್ಚಿಮ ವರ್ಜೀನಿಯಾದ ಪಾರ್ಕರ್ಸ್‌ಬರ್ಗ್ ಬಳಿ ಡುಪಾಂಟ್ ಕಾರ್ಖಾನೆ 1951ರಿಂದ ಟೆಫ್ಲಾನ್ ಎಂಬ ಪ್ಲಾಸ್ಟಿಕ್ಕಿನ ತಯಾರಿಕೆಗೆ ಪಿಎಫ್‌ಒಎ ಎಂಬ ವಸ್ತುವನ್ನು ಬಳಸುತ್ತಿತ್ತು. ಅದು ಉತ್ಪನ್ನವಲ್ಲ. ಪ್ಲಾಸ್ಟಿಕ್ ಕಣಗಳು ಒಂದಕ್ಕೊಂದು ಅಂಟದಂತೆ ನೀರಿನಲ್ಲಿ ಹರಡಿಡುವ, ಸೋಪಿನ ಗುಣದ ಒಂದು ಸಹಾಯಕ. ಕೆಲಸ ಮುಗಿದ ಮೇಲೆ ಅದು ಓಹಿಯೊ ನದಿಗೂ, ಗಾಳಿಗೂ, ಭೂಮಿಯ ಗುಂಡಿಗಳಿಗೂ ಹೋಯಿತು. ಅಮೆರಿಕದ 126 ಪ್ರಮುಖ ಮಾಲಿನ್ಯಕಾರಕಗಳ ಪಟ್ಟಿಯಲ್ಲಿ ಅದರ ಹೆಸರಿಲ್ಲ. ವಕೀಲ ರಾಬರ್ಟ್ ಬಿಲಾಟ್ ನ್ಯಾಯಾಲಯದ ಮೂಲಕ ಕಂಪನಿಯ ಕಡತಗಳನ್ನು ಹೊರತೆಗೆಸಿದ ಮೇಲಷ್ಟೇ ಕಂಪನಿಗೆ ಏನೇನು ಗೊತ್ತಿತ್ತು ಎಂಬುದು ಬಯಲಾಯಿತು. ಆ ಸುತ್ತಿನ ಸುಮಾರು 69,000 ಜನರ ರಕ್ತ ಪರೀಕ್ಷೆಯಾಯಿತು. ಮೂತ್ರಪಿಂಡ ಮತ್ತು ವೃಷಣದ ಕ್ಯಾನ್ಸರ್, ಥೈರಾಯ್ಡ್ ಕಾಯಿಲೆ ಸೇರಿ ಆರು ತೊಂದರೆಗಳಿಗೂ ಈ ವಸ್ತುವಿಗೂ ಸಂಬಂಧ ಇರುವ ಸಂಭವ ಹೆಚ್ಚು ಎಂದು ವಿಜ್ಞಾನಿಗಳ ಸಮಿತಿ 2012ರ ಹೊತ್ತಿಗೆ ಹೇಳಿತು. ಬಳಕೆ ಶುರುವಾಗಿ ಆಗಲೇ ಅರವತ್ತು ವರ್ಷ ದಾಟಿತ್ತು. 2024ರಲ್ಲಿ ಅದೇ ದೇಶ ಕುಡಿಯುವ ನೀರಿನಲ್ಲಿ ಪಿಎಫ್‌ಒಎಗೆ ಇಟ್ಟ ಮಿತಿ ಲೀಟರಿಗೆ 4 ನ್ಯಾನೋಗ್ರಾಂ. ಒಂದು ಮೈಕ್ರೋಗ್ರಾಂ ಎಂದರೆ ಸಾವಿರ ನ್ಯಾನೋಗ್ರಾಂ. ಬೆಂಜೀನ್‌ನ ಸಂಖ್ಯೆಯ ಪಕ್ಕ ಇದನ್ನಿಟ್ಟು ನೋಡಿ.

ಅಲ್ಲಿನ ಶುದ್ಧೀಕರಣ ಘಟಕ ಸರಿಯಾಗಿ ನಡೆಯುತ್ತಿತ್ತೇ ಎಂದು ಕೇಳುವುದರಲ್ಲಿ ಹೆಚ್ಚು ಅರ್ಥವಿಲ್ಲ. ಪಿಎಫ್‌ಒಎ ಅಣುವಿನಲ್ಲಿರುವ ಇಂಗಾಲ ಮತ್ತು ಫ್ಲೋರಿನ್ ನಡುವಿನ ಬಂಧವನ್ನು ಏರೇಷನ್ ಟ್ಯಾಂಕಿನ, ಅಂದರೆ ಗಾಳಿ ಊದುವ ತೊಟ್ಟಿಯ, ಬ್ಯಾಕ್ಟೀರಿಯಾಗಳು ಮುರಿಯಲಾರವು. ಆಕ್ಟಿವೇಟೆಡ್ ಕಾರ್ಬನ್ ಎಂಬ ಹೀರುವ ಇದ್ದಿಲು ಇಂಥ ವಸ್ತುಗಳನ್ನು ಹಿಡಿಯುತ್ತದೆ, ಆದರೆ ಅಣುವಿನ ಸರಪಳಿ ಚಿಕ್ಕದಾದಷ್ಟೂ ಬೇಗ ಬಿಟ್ಟುಕೊಡುತ್ತದೆ. ಬೆಂಜೀನ್‌ನಂಥ ಬೇಗ ಆವಿಯಾಗುವ ವಸ್ತುಗಳದ್ದು ಬೇರೆಯೇ ಕಥೆ. ಏರೇಷನ್ ಟ್ಯಾಂಕಿನಲ್ಲಿ ಗಾಳಿ ಊದಿದಾಗ ಒಂದು ಪಾಲು ಆವಿಯಾಗಿ ಮೇಲೆ ಹೋಗುತ್ತದೆ. ನೀರಿನ ವರದಿಯಲ್ಲಿ ಅದು ಇಲ್ಲ, ಟ್ಯಾಂಕಿನ ಪಕ್ಕ ಕೆಲಸ ಮಾಡುವವರ ಉಸಿರಿನಲ್ಲಿದೆ. ಹಾಗಾಗಿ ಎಲ್ಲ ವಿಭಾಗಗಳ ನೀರನ್ನೂ ಒಂದೇ ತೊಟ್ಟಿಗೆ ಕೂಡಿಸಿ, ಕೊನೆಯ ಪೈಪಿನಲ್ಲಿ ಅಳೆಯುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಬೆಂಜೀನ್ ಇರುವ ನೀರನ್ನು ಆ ವಿಭಾಗದ ಬಾಗಿಲಲ್ಲೇ ಉಗಿ ಹಾಯಿಸಿ ಬೇರ್ಪಡಿಸಬೇಕು. ಪಾದರಸವನ್ನು ಬೇರೆ ನೀರಿಗೆ ಬೆರೆಯುವ ಮೊದಲೇ ಹಿಡಿಯಬೇಕು. ಬೆರೆತ ಮೇಲೆ ಖರ್ಚು ಹೆಚ್ಚು, ಫಲ ಕಡಿಮೆ.

ಸಾವಿರಾರು ರಾಸಾಯನಿಕಗಳನ್ನು ಒಂದೊಂದಾಗಿ ಹೇಗೆ ಪರೀಕ್ಷಿಸುವುದು ಎಂದು ಉದ್ಯಮದವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಅದಕ್ಕೆ ಒಂದು ಉತ್ತರ ಹಲವು ದೇಶಗಳಲ್ಲಿ ಬಳಕೆಯಲ್ಲಿದೆ: ಹೊರಬಿಡುವ ನೀರಿನಲ್ಲಿ ಮೀನುಮರಿ, ನೀರಿನ ಚಿಗಟ, ಪಾಚಿಗಳನ್ನು ಇಟ್ಟು ಅವು ಬದುಕುತ್ತವೆಯೇ, ಬೆಳೆಯುತ್ತವೆಯೇ, ಮರಿ ಹಾಕುತ್ತವೆಯೇ ಎಂದು ನೋಡುವುದು. ಯಾವ ವಸ್ತು ಎಂದು ಹೇಳಲಾರವು, ಆದರೆ ಏನೋ ಇದೆ ಎಂದು ಹೇಳುತ್ತವೆ. ಇದೂ ಪೂರ್ಣ ಉತ್ತರವಲ್ಲ. ಕೆಲವು ದಿನಗಳ ಪರೀಕ್ಷೆಗೆ ಇಪ್ಪತ್ತು ವರ್ಷದ ನಂತರ ಬರುವ ಕ್ಯಾನ್ಸರ್ ಕಾಣುವುದಿಲ್ಲ. ಅಲ್ಲಿಯೇ ನಾನು ಮೊದಲು ಹೇಳಿದ ಹೊಣೆ ಬರುತ್ತದೆ. ಪರವಾನಗಿಯ ಅರ್ಜಿಯಲ್ಲಿ ಕಚ್ಚಾವಸ್ತು, ಸಹಾಯಕ ವಸ್ತು, ಉಪೋತ್ಪನ್ನ ಎಲ್ಲದರ ಹೆಸರು, ತೂಕ, ಅಳೆಯುವ ವಿಧಾನ ಇರಬೇಕು. ವ್ಯಾಪಾರದ ಗುಟ್ಟು ಎಂಬ ಕಾರಣಕ್ಕೆ ಒಂದು ಹೆಸರನ್ನು ಮುಚ್ಚಿಡುವುದಾದರೆ ಆ ವಸ್ತು ನೀರಿಗೆ ಹೋಗಕೂಡದು. ಹೇಳದ ವಸ್ತುವಿಗೆ ಅನುಮತಿಯೂ ಇಲ್ಲ ಎಂಬುದೇ ನಿಯಮವಾಗಬೇಕು.

ನಿಯಮದ ಒಂದು ಪದ ಎಷ್ಟು ದೊಡ್ಡ ವ್ಯತ್ಯಾಸ ಮಾಡಬಲ್ಲದು ಎಂಬುದಕ್ಕೆ ಕೊನೆಯದಾಗಿ ಟೆಕ್ಸಾಸ್‌ನ ಲವಾಕಾ ಕೊಲ್ಲಿಗೆ ಬರೋಣ. ಅಲ್ಲಿನ ಫಾರ್ಮೋಸಾ ಪ್ಲಾಸ್ಟಿಕ್ಸ್ ಕಾರ್ಖಾನೆಯ ಪರವಾನಗಿಯಲ್ಲಿ ತೇಲುವ ಘನವಸ್ತುಗಳನ್ನು ಅತ್ಯಲ್ಪ ಪ್ರಮಾಣಕ್ಕಿಂತ ಹೆಚ್ಚು ಬಿಡಬಾರದು ಎಂದಿತ್ತು. ಅತ್ಯಲ್ಪ ಎಂದರೆ ಎಷ್ಟು? ಸಿಗಡಿ ಹಿಡಿಯುವ ಕುಟುಂಬದ ಡಯೇನ್ ವಿಲ್ಸನ್ ಮತ್ತು ಅವರ ಜೊತೆಯವರು ವರ್ಷಗಟ್ಟಲೆ ದಡದಲ್ಲಿ, ಹಳ್ಳದಲ್ಲಿ ಪ್ಲಾಸ್ಟಿಕ್ ಕಾಳುಗಳನ್ನೂ ಪುಡಿಯನ್ನೂ ಆರಿಸಿ, ದಿನಾಂಕ ಬರೆದು, ಚೀಲಗಳಲ್ಲಿ ತುಂಬಿಟ್ಟರು. ಸಾವಿರಾರು ಮಾದರಿಗಳು. 2019ರಲ್ಲಿ ಆ ಚೀಲಗಳು ನ್ಯಾಯಾಲಯಕ್ಕೆ ಬಂದವು. ಉಲ್ಲಂಘನೆ ಸಾಬೀತಾಗಿ, 5 ಕೋಟಿ ಡಾಲರಿಗೆ ಒಪ್ಪಂದವಾಯಿತು. ಅತ್ಯಲ್ಪ ಎಂಬ ಪದದ ಜಾಗಕ್ಕೆ ಸೊನ್ನೆ ಬಂತು. ಸ್ವತಂತ್ರ ವೀಕ್ಷಕರು ನೀರನ್ನು ಸೋಸಿ ನೋಡುತ್ತಾರೆ. ಕಾಳು ಸಿಕ್ಕರೆ ದಂಡ, ಆ ದಂಡ ವರ್ಷದಿಂದ ವರ್ಷಕ್ಕೆ ಏರುತ್ತದೆ, ಹಣ ಅದೇ ಕೊಲ್ಲಿಯ ಕೆಲಸಗಳಿಗೆ ಹೋಗುತ್ತದೆ. ಒಪ್ಪಂದದ ನಂತರವೂ ಕಾಳುಗಳು ಸಿಕ್ಕಿವೆ, ದಂಡ ಬಿದ್ದಿದೆ. ಈಗ ಅವು ಎಷ್ಟು ಎಂದು ಯಾರೂ ವಾದ ಮಾಡಬೇಕಿಲ್ಲ. ಒಂದು ಕಾಳು ಸಿಕ್ಕರೂ ಸಾಕು.