ಹನ್ನೆರಡು ಅಂಗುಲದ ಪ್ರಶ್ನೆ

ಕೇಳುಗರಿಗೆ ನಮಸ್ಕಾರ.

1986ರ ಏಪ್ರಿಲ್ 11ರ ಬೆಳಿಗ್ಗೆ ಅಮೆರಿಕದ ಮಯಾಮಿ ಬಳಿ ಇಬ್ಬರು ಬ್ಯಾಂಕ್ ದರೋಡೆಕೋರರ ಕಾರನ್ನು ಎಫ್‌ಬಿಐ ಅಧಿಕಾರಿಗಳು ಅಡ್ಡಗಟ್ಟಿದರು. ಗುಂಡಿನ ಕಾಳಗ ಶುರುವಾಯಿತು. ಒಬ್ಬ ಅಧಿಕಾರಿಯ ಪಿಸ್ತೂಲಿನಿಂದ ಹೊರಟ 9 ಮಿಲಿಮೀಟರ್ ಗುಂಡು ದರೋಡೆಕೋರನೊಬ್ಬನ ಬಲತೋಳನ್ನು ತೂರಿಕೊಂಡು ಎದೆಗೂಡಿಗೆ ಹೊಕ್ಕಿತು. ಶ್ವಾಸಕೋಶವನ್ನು ಹರಿಯಿತು. ಹೃದಯ ಇನ್ನು ಒಂದೆರಡು ಅಂಗುಲ ಇದೆ ಎನ್ನುವಾಗ ನಿಂತುಬಿಟ್ಟಿತು. ಬದುಕಿ ಉಳಿಯುವಂಥ ಗಾಯವಲ್ಲ ಅದು. ಆದರೂ ಆತ ಬೀಳಲಿಲ್ಲ. ರೈಫಲ್ ಹಿಡಿದು ಮತ್ತೆ ಮತ್ತೆ ಗುಂಡು ಹಾರಿಸುತ್ತಲೇ ಇದ್ದ. ಅಂದು ಇಬ್ಬರು ಅಧಿಕಾರಿಗಳು ಸತ್ತರು, ಐವರು ಗಾಯಗೊಂಡರು. ಆ 9 ಮಿಲಿಮೀಟರ್ ಗುಂಡು ಹಾರಿಸಿದ ಅಧಿಕಾರಿಯೂ ಸತ್ತವರಲ್ಲಿ ಒಬ್ಬರು.

ಆ ಒಂದೆರಡು ಅಂಗುಲದ ಬಗ್ಗೆ ಇವತ್ತು ಮಾತಾಡುತ್ತೇನೆ. ಪ್ರಾಣ ಉಳಿಸಿಕೊಳ್ಳಲೆಂದು ಪಿಸ್ತೂಲಿಗೆ ತುಂಬುವ ಕಾಡತೂಸು, ಬೇಕಾದ ಹೊತ್ತಿನಲ್ಲಿ ಕೆಲಸ ಮಾಡುತ್ತದೋ ಇಲ್ಲವೋ ಎಂದು ಮೊದಲೇ ತಿಳಿಯುವುದು ಹೇಗೆ?

ಮಯಾಮಿಯ ಗುಂಡು ಕೆಟ್ಟ ಗುಂಡಾಗಿರಲಿಲ್ಲ. ಅದು ಹಾಲೋ ಪಾಯಿಂಟ್ ಜಾತಿಯದು, ಅಂದರೆ ತುದಿಯಲ್ಲಿ ಟೊಳ್ಳು ಇರುವಂಥದು. ಒದ್ದೆಯಾದ ಮಾಂಸಖಂಡಕ್ಕೆ ಹೊಕ್ಕ ಕೂಡಲೇ ಆ ಟೊಳ್ಳಿನೊಳಗೆ ಒತ್ತಡ ಏರಿ, ಗುಂಡಿನ ಬಾಯಿ ಹೂವಿನಂತೆ ಅರಳುತ್ತದೆ. ಅರಳಿದ ಗುಂಡು ಅಗಲವಾದ ದಾರಿ ಕೊರೆಯುತ್ತದೆ. ಆದರೆ ಅಗಲವಾದಷ್ಟೂ ಎದುರಾಗುವ ತಡೆ ಹೆಚ್ಚು, ಹೋಗುವ ದೂರ ಕಡಿಮೆ. ಹಗುರವಾದ, ವೇಗದ ಗುಂಡಾದರೆ ಇನ್ನೂ ಬೇಗ ನಿಲ್ಲುತ್ತದೆ. ಮಯಾಮಿಯ ಗುಂಡು ಸುಮಾರು ಏಳೂವರೆ ಗ್ರಾಂನದು. ಅದು ತಾನು ಮಾಡಬೇಕಿದ್ದ ಕೆಲಸವನ್ನೇ ಮಾಡಿತು. ತಪ್ಪಿದ್ದದ್ದು ಅಂಥ ಗುಂಡುಗಳಿಗೆ ಒಳ್ಳೆಯ ಅಂಕ ಕೊಟ್ಟಿದ್ದ ಪರೀಕ್ಷೆಯಲ್ಲಿ.

1970ರ ದಶಕದಲ್ಲಿ ಅಮೆರಿಕದ ಪೊಲೀಸರಿಗಾಗಿ ಗುಂಡುಗಳಿಗೆ ಅಂಕ ಕೊಡುವ ಒಂದು ಪದ್ಧತಿ ಬಂದಿತ್ತು. ಗುಂಡು ಹಾದುಹೋಗುವಾಗ ಕ್ಷಣಮಾತ್ರ ಬಾಯ್ತೆರೆಯುವ ಕುಳಿ ಎಷ್ಟು ದೊಡ್ಡದು ಎಂಬುದೇ ಅದಕ್ಕೆ ಮುಖ್ಯವಾಗಿತ್ತು. ಕೆರೆಗೆ ಕಲ್ಲೆಸೆದರೆ ನೀರು ಬಾಯಿಬಿಟ್ಟು ಮತ್ತೆ ಮುಚ್ಚಿಕೊಳ್ಳುವುದಿಲ್ಲವೇ, ಹಾಗೆ. ನಮ್ಮ ಸ್ನಾಯುಗಳೂ ಶ್ವಾಸಕೋಶವೂ ಹಿಗ್ಗಿ ಕುಗ್ಗಬಲ್ಲವು. ರೈಫಲ್‌ನ ವೇಗದಲ್ಲಿ ಈ ಹಿಗ್ಗುವಿಕೆಯೇ ಅಂಗಾಂಗವನ್ನು ಹರಿದುಹಾಕಬಹುದು, ಪಿಸ್ತೂಲಿನ ವೇಗದಲ್ಲಿ ಅದನ್ನು ನಂಬುವಂತಿಲ್ಲ. ಪಿಸ್ತೂಲಿನ ಗುಂಡು ಹಾನಿ ಮಾಡುವುದು ತಾನು ಮುಟ್ಟಿದ್ದಕ್ಕೆ ಮಾತ್ರ. ಹೃದಯದವರೆಗೆ ಹೋಗದಿದ್ದರೆ ಹೃದಯವನ್ನು ಮುಟ್ಟಲಿಲ್ಲ, ಅಷ್ಟೆ.

1987ರ ಸೆಪ್ಟೆಂಬರ್‌ನಲ್ಲಿ ವರ್ಜೀನಿಯಾದ ಕ್ವಾಂಟಿಕೊದಲ್ಲಿ ಎಫ್‌ಬಿಐ ಈ ವಿಷಯ ಬಲ್ಲವರನ್ನು ಒಟ್ಟುಗೂಡಿಸಿತು. ಅದರ ಫಲವಾಗಿ 1989ರಲ್ಲಿ ಬಂದ ವರದಿ ಒಂದು ಕಹಿ ಸತ್ಯವನ್ನು ಬಿಚ್ಚಿಟ್ಟಿತು: ಹೃದಯವೇ ಛಿದ್ರವಾದರೂ, ಮಿದುಳಿನಲ್ಲಿ ಉಳಿದ ಆಮ್ಲಜನಕದ ಬಲದಿಂದ ಮನುಷ್ಯ ಹತ್ತು ಹದಿನೈದು ಸೆಕೆಂಡು ತನ್ನಿಚ್ಛೆಯಂತೆ ಕೈಕಾಲು ಆಡಿಸಬಲ್ಲ. ಒಂದೇ ಏಟಿಗೆ ಹಾರಿಬೀಳಿಸುವ ಪಿಸ್ತೂಲು ಗುಂಡು ಎಂಬುದು ಇಲ್ಲವೇ ಇಲ್ಲ. ಹಾಗಾಗಿ ಮೊದಲ ಪ್ರಶ್ನೆ ಆಳದ್ದು. ಕನಿಷ್ಠ 12 ಅಂಗುಲ, ಹೆಚ್ಚೆಂದರೆ 18.

ಮನುಷ್ಯನ ಎದೆ ಅಷ್ಟು ದಪ್ಪ ಇರುವುದಿಲ್ಲವಲ್ಲ ಎಂದು ನೀವು ಕೇಳಬಹುದು. ನಿಜ. ಆದರೆ ಎದುರಾಳಿ ಎದೆಕೊಟ್ಟು ನೇರ ನಿಂತಿರುತ್ತಾನೆ ಎಂದು ಯಾರು ಹೇಳಿದರು? ಪಕ್ಕಕ್ಕೆ ತಿರುಗಿರುತ್ತಾನೆ, ತೋಳು ಅಡ್ಡ ಬಂದಿರುತ್ತದೆ, ಮೈ ದಪ್ಪವಿರಬಹುದು. ಮಯಾಮಿಯಲ್ಲಿ ಆಗಿದ್ದೂ ಅದೇ, ತೋಳು ಅಡ್ಡ ಬಂತು. 18ರ ಮಿತಿ ಏಕೆಂದರೆ, ಅದನ್ನೂ ಮೀರಿ ಹೋಗುವ ಗುಂಡು ಹಿಂದೆ ನಿಂತ ಇನ್ಯಾರಿಗೋ ತಗಲೀತು.

ಈಗ ಪರೀಕ್ಷೆಯ ಕೋಣೆಗೆ ಬರೋಣ. ಗುಂಡು ಹೊಡೆಯುವುದು ಜೆಲಾಟಿನ್ ಬ್ಲಾಕಿಗೆ. ಕಲ್ಲುಗಣಿಯಲ್ಲಿ ಸಿಡಿಸುವ ಜಿಲೆಟಿನ್ ಕಡ್ಡಿಗೂ ಇದಕ್ಕೂ ಸಂಬಂಧವಿಲ್ಲ. ಇದು ಹಂದಿಯ ಚರ್ಮದಿಂದ ತೆಗೆದ ಅಂಟಿನ ಪುಡಿ. ಅಮೆರಿಕದ ಸೇನಾ ಶಸ್ತ್ರಚಿಕಿತ್ಸಕ ಮಾರ್ಟಿನ್ ಫ್ಯಾಕ್ಲರ್ ಇದರ ಹದವನ್ನು ಗೊತ್ತುಮಾಡಿದರು: ತೂಕದಲ್ಲಿ ಒಂದು ಪಾಲು ಪುಡಿ, ಒಂಬತ್ತು ಪಾಲು ನೀರು, 4 ಡಿಗ್ರಿ ಸೆಲ್ಸಿಯಸ್ ತಂಪು. ಕರಗಿಸುವಾಗ ನೀರು ತೀರಾ ಬಿಸಿಯಾದರೆ ಜೆಲಾಟಿನ್ ತನ್ನ ಬಲ ಕಳೆದುಕೊಳ್ಳುತ್ತದೆ. ಅವಸರಪಟ್ಟು ಕುದಿಸಿದವನ ಬ್ಲಾಕ್ ನೋಡಲು ಸರಿಯಾಗಿಯೇ ಇರುತ್ತದೆ, ಆದರೆ ಸುಳ್ಳು ಹೇಳುತ್ತದೆ. ಕೆಡದಿರಲೆಂದು ನಾಲ್ಕಾರು ಹನಿ ದಾಲ್ಚಿನ್ನಿ ಎಣ್ಣೆ ಬೆರೆಸುವುದುಂಟು. ಮದ್ದಿನ ಹೊಗೆಯ ನಡುವೆ ದಾಲ್ಚಿನ್ನಿಯ ಘಮ ತೇಲಿಬರುವ ವಿಚಿತ್ರ ಜಾಗ ಅದು.

ಬ್ಲಾಕ್ ಸುಳ್ಳು ಹೇಳುತ್ತಿದೆಯೇ ಎಂದು ತಿಳಿಯಲು ಒಂದು ಸರಳ ಉಪಾಯವಿದೆ. ಏರ್‌ಗನ್ನಿನಿಂದ ನಾಲ್ಕೂವರೆ ಮಿಲಿಮೀಟರ್ ದಪ್ಪದ ಉಕ್ಕಿನ ಚರೆಯೊಂದನ್ನು ಸೆಕೆಂಡಿಗೆ ಸುಮಾರು 590 ಅಡಿ ವೇಗದಲ್ಲಿ ಅದಕ್ಕೆ ಹೊಡೆಯುತ್ತಾರೆ. ಚರೆ ಎಂಟೂವರೆ ಸೆಂಟಿಮೀಟರ್ ಒಳಗೆ ಹೋಗಿ ನಿಲ್ಲಬೇಕು. ಒಂದು ಸೆಂಟಿಮೀಟರ್ ಹಿಂದೆ ಮುಂದೆ ಆದರೆ ಸರಿ. ಅದಕ್ಕಿಂತ ಹೆಚ್ಚು ಕಡಿಮೆಯಾದರೆ ಬ್ಲಾಕ್ ಬದಲಿಸಬೇಕು. ನನ್ನ ಮಟ್ಟಿಗೆ ಇಡೀ ಪರೀಕ್ಷೆಯಲ್ಲಿ ಅತ್ಯಂತ ಪ್ರಾಮಾಣಿಕವಾದ ಗಳಿಗೆ ಇದು. ಅಳೆಯುವ ಮೊದಲು ಅಳತೆಗೋಲನ್ನೇ ಅಳೆಯುವುದು.

ಆಮೇಲೆ ನಿಜವಾದ ಗುಂಡುಗಳು. ಹತ್ತು ಅಡಿ ದೂರದಿಂದ ಮೊದಲು ಬರಿಯ ಬ್ಲಾಕಿಗೆ. ನಂತರ ಬಟ್ಟೆ ಹೊದಿಸಿದ ಬ್ಲಾಕಿಗೆ. ಈ ಬಟ್ಟೆಯ ಪರೀಕ್ಷೆ ಕೇಳಲು ಸಾಮಾನ್ಯ ಅನಿಸಿದರೂ ಎಷ್ಟೋ ಹೆಸರುವಾಸಿ ಗುಂಡುಗಳು ಎಡವಿದ್ದು ಇಲ್ಲೇ. ಬನಿಯನ್, ಅಂಗಿ, ಚಳಿಗಾಲದ ಉಣ್ಣೆಯಂಥ ಬಟ್ಟೆ, ಮೇಲೆ ಡೆನಿಮ್. ಗುಂಡು ಇವನ್ನು ತೂರುವಾಗ ಬಟ್ಟೆಯ ಚೂರುಗಳು ಅದರ ಟೊಳ್ಳಿನಲ್ಲಿ ಬಿರಡೆಯಂತೆ ಸಿಕ್ಕಿಕೊಳ್ಳುತ್ತವೆ. ಆಗ ಒತ್ತಡ ಏರುವುದಕ್ಕೆ ಜಾಗವೇ ಇರುವುದಿಲ್ಲ, ಬಾಯಿ ಅರಳುವುದಿಲ್ಲ. ಅರಳದ ಗುಂಡು ಬ್ಲಾಕಿನ ಆಚೆಗೇ ಹೋಗಿಬಿಡಬಹುದು. ಇದನ್ನು ತಪ್ಪಿಸಲೆಂದೇ ಕೆಲವು ತಯಾರಕರು ಟೊಳ್ಳಿಗೆ ಮೆತ್ತನೆಯ ಪಾಲಿಮರ್ ತುಂಬಿದರು. ಬಿರಡೆಯನ್ನು ಮೊದಲೇ ತಾವೇ ಹಾಕಿ, ಅದೇ ಒಳಗೊತ್ತಿ ಗುಂಡನ್ನು ಅರಳಿಸುವಂತೆ ಮಾಡಿದ ಜಾಣತನ ಅದು.

ಉಳಿದವು ಉಕ್ಕಿನ ತಗಡು, ಗೋಡೆಯ ಜಿಪ್ಸಮ್ ಹಲಗೆ, ಪ್ಲೈವುಡ್, ಕೊನೆಗೆ ಓರೆಯಾಗಿ ನಿಲ್ಲಿಸಿದ ಕಾರಿನ ಗಾಜು. ಗಾಜು ಎಲ್ಲಕ್ಕಿಂತ ಕ್ರೂರಿ. ಗುಂಡಿನ ತಾಮ್ರದ ಹೊದಿಕೆಯನ್ನೂ ಒಳಗಿನ ಸೀಸವನ್ನೂ ಬೇರೆ ಬೇರೆ ಮಾಡಿಬಿಡುತ್ತದೆ. ಹೊದಿಕೆಯನ್ನು ಸೀಸಕ್ಕೆ ಬಿಡದಂತೆ ಬೆಸೆಯುವ ವಿದ್ಯೆ ಬೆಳೆಯುವುದಕ್ಕೆ ಇಂಥ ಪರೀಕ್ಷೆಗಳು ದೊಡ್ಡ ಒತ್ತಾಸೆಯಾದವು. ಮನೆಯಲ್ಲಿ ಆತ್ಮರಕ್ಷಣೆಗೆಂದು ಪಿಸ್ತೂಲು ಇಟ್ಟುಕೊಂಡವರಿಗೆ ಗಾಜಿನ ಪರೀಕ್ಷೆ ಅಷ್ಟು ಮುಖ್ಯವಲ್ಲ, ಬಟ್ಟೆಯದು ಬಹಳ ಮುಖ್ಯ.

ಪ್ರತಿ ಪರೀಕ್ಷೆಗೂ ಐದು ಗುಂಡು. ಬ್ಲಾಕಿನಿಂದ ತೆಗೆದ ಒಂದು ಗುಂಡನ್ನು ಅಂಗೈಯಲ್ಲಿಟ್ಟು ನೋಡಿದ್ದೇನೆ. ಆರು ಎಸಳು, ಹಿಂದಕ್ಕೆ ಬಾಗಿ ಬುಡಕ್ಕೆ ಅಂಟಿಕೊಂಡಿದ್ದವು. ಎರಡು ಎಸಳುಗಳ ಸಂದಿಯಲ್ಲಿ ನೀಲಿ ದಾರದ ಒಂದು ಎಳೆ, ಡೆನಿಮ್‌ನದು. ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಗಲ ಅಳೆದು, ತಕ್ಕಡಿಯಲ್ಲಿ ತೂಗಿ, ಎಷ್ಟು ಉದುರಿಹೋಯಿತು ಎಂದು ಬರೆದಿಡುತ್ತಾರೆ. ಅಂಕಿಗಳನ್ನು ಓದುವಾಗ ಸರಾಸರಿಗೆ ಮರುಳಾಗಬೇಡಿ. ನಾಲ್ಕು ಗುಂಡು 14 ಅಂಗುಲ ಹೋಗಿ ಒಂದು ಒಂಬತ್ತಕ್ಕೇ ನಿಂತರೂ ಸರಾಸರಿ 13 ಎಂದು ಚೆನ್ನಾಗಿಯೇ ಕಾಣುತ್ತದೆ. ನಾನು ನೋಡುವುದು ಆ ಒಂಬತ್ತನ್ನು.

ಇನ್ನೊಂದು ಮಾತು, ನಳಿಗೆಯ ಉದ್ದದ್ದು. ಉದ್ದ ನಳಿಗೆಯಲ್ಲಿ ಚೆನ್ನಾಗಿ ಅರಳಿದ ಗುಂಡು, ಜೇಬಿನಲ್ಲಿ ಹಿಡಿಯುವ ಪುಟ್ಟ ಪಿಸ್ತೂಲಿನಲ್ಲಿ ವೇಗ ಸಾಲದೆ ಅರಳದೇ ಹೋಗಬಹುದು. ಆದ್ದರಿಂದ ಯಾವ ನಳಿಗೆಯಿಂದ ಹೊಡೆದರು, ವೇಗ ಎಷ್ಟಿತ್ತು ಎಂದು ಹೇಳದ ಫಲಿತಾಂಶಕ್ಕೆ ಬೆಲೆ ಕಡಿಮೆ. ಜೆಲಾಟಿನ್ನಿನಲ್ಲಿ ಎಷ್ಟೇ ಚೆಂದದ ಅಂಕ ಬಂದರೂ ನಿಮ್ಮದೇ ಪಿಸ್ತೂಲಿನಲ್ಲಿ ಸಿಕ್ಕಿಹಾಕಿಕೊಳ್ಳದೆ ಓಡದ ಕಾಡತೂಸು ನಿಮಗೆ ಬೇಡ. ಆ ಪರೀಕ್ಷೆಯನ್ನು ಯಾವ ಪ್ರಯೋಗಾಲಯವೂ ನಿಮಗಾಗಿ ಮಾಡಿಕೊಡಲಾರದು.

ಜೆಲಾಟಿನ್ ಮನುಷ್ಯನಲ್ಲ, ಅದು ನನಗೂ ಗೊತ್ತು. ಅದರಲ್ಲಿ ಎಲುಬಿಲ್ಲ, ಚರ್ಮವಿಲ್ಲ, ಭಯವಿಲ್ಲ. 1904ರಲ್ಲಿ ಅಮೆರಿಕದ ಸೇನೆಯ ಥಾಂಪ್ಸನ್ ಮತ್ತು ಲಗಾರ್ಡ್ ಎಂಬ ಅಧಿಕಾರಿಗಳು ಷಿಕಾಗೋದ ಕಸಾಯಿಖಾನೆಯಲ್ಲಿ ಜೀವಂತ ದನಗಳ ಮೇಲೆ ಗುಂಡು ಪರೀಕ್ಷಿಸಿದರು. ಮನುಷ್ಯರ ಶವಗಳ ಮೇಲೂ ಪರೀಕ್ಷಿಸಿದರು. ಓದಲು ಸಂಕಟವಾಗುತ್ತದೆ. ಅಷ್ಟು ಹಿಂಸೆಯಿಂದ ಸಿಕ್ಕ ಫಲಿತಾಂಶಗಳನ್ನು ಒಂದಕ್ಕೊಂದು ಹೋಲಿಸುವುದೂ ಕಷ್ಟ, ಏಕೆಂದರೆ ಒಂದು ಹಸುವಿನಂತೆ ಇನ್ನೊಂದು ಹಸು ಇರುವುದಿಲ್ಲ. ಜೆಲಾಟಿನ್ನಿನ ದೊಡ್ಡ ಗುಣವೇ ಇದು, ಇವತ್ತಿನ ಬ್ಲಾಕ್ ನಾಳಿನ ಬ್ಲಾಕಿನಂತೆಯೇ ಇರುತ್ತದೆ.

ಅದೇ ಅಳತೆಗೋಲು ವರ್ಷಾನುಗಟ್ಟಲೆ ಕೈಯಲ್ಲಿದ್ದುದರಿಂದ ಒಂದು ವಿಶೇಷ ನಡೆಯಿತು. ಮಯಾಮಿಯ ನಂತರ ಎಫ್‌ಬಿಐ 9 ಮಿಲಿಮೀಟರ್ ಬಿಟ್ಟು ಹೆಚ್ಚು ಬಲದ 10 ಮಿಲಿಮೀಟರ್‌ಗೂ, ಆಮೇಲೆ 1990ರಲ್ಲಿ ಬಂದ .40 ಕ್ಯಾಲಿಬರ್‌ಗೂ, ಅಂದರೆ 0.40 ಅಂಗುಲ ಅಗಲದ ಗುಂಡಿಗೂ ಹೋಗಿತ್ತು. ಗುಂಡು ತಯಾರಿಸುವವರು ಮಾತ್ರ ಅದೇ ಬ್ಲಾಕಿಗೆ, ಅದೇ ಡೆನಿಮ್‌ಗೆ ಹೊಡೆದು ಹೊಡೆದು 9 ಮಿಲಿಮೀಟರ್ ಗುಂಡನ್ನು ತಿದ್ದುತ್ತ ಬಂದರು. 2010ರ ದಶಕದ ನಡುವೆ ಎಫ್‌ಬಿಐ ಮತ್ತೆ 9 ಮಿಲಿಮೀಟರ್‌ಗೇ ಮರಳಿತು. ಅಳತೆಯಲ್ಲಿ ಅದೇ ಗುಂಡು, ಆದರೆ ಈಗ ಅದು 12 ಅಂಗುಲ ದಾಟುತ್ತಿತ್ತು.

ಈಚೆಗೆ ಗಾಜಿನಂತೆ ಪಾರದರ್ಶಕವಾದ ಕೃತಕ ಬ್ಲಾಕುಗಳು ಬಂದಿವೆ. ಎಣ್ಣೆಯಿಂದ ಮಾಡಿದವು, ತಂಪಿನ ಗೋಜಿಲ್ಲ, ಚಿತ್ರ ತೆಗೆಯಲು ಬಹಳ ಸೊಗಸು. ಆದರೆ ಅದರಲ್ಲಿ ಗುಂಡು ಹೋಗುವ ಆಳ ಬೇರೆ, ಅರಳುವ ಬಗೆ ಬೇರೆ. ಅದರ 14 ಅಂಗುಲವನ್ನು ಜೆಲಾಟಿನ್ನಿನ 14 ಅಂಗುಲದ ಪಕ್ಕದಲ್ಲಿ ಇಡುವಂತಿಲ್ಲ. ನೀರಿನ ಕ್ಯಾನುಗಳಿಗೆ ಹೊಡೆದು ತೋರಿಸುವವರೂ ಇದ್ದಾರೆ. ನೀರು ಗುಂಡನ್ನು ಧಾರಾಳವಾಗಿ ಅರಳಿಸುತ್ತದೆ, ನೋಡಿದವರಿಗೆ ಖುಷಿಯಾಗುತ್ತದೆ. ಮುಂದಿನ ಸಲ ಇಂಥದೊಂದು ಪರೀಕ್ಷೆಯ ಚಿತ್ರ ನಿಮ್ಮ ಕಣ್ಣಿಗೆ ಬಿದ್ದರೆ, ದೊಡ್ಡ ಗುಂಡು ಕೊರೆದ ದಾರಿಯನ್ನು ಸ್ವಲ್ಪ ಬಿಟ್ಟು ಬ್ಲಾಕಿನ ಮೂಲೆಯ ಕಡೆ ನೋಡಿ. ಅಲ್ಲಿ ಎಂಟೂವರೆ ಸೆಂಟಿಮೀಟರ್ ಒಳಗೆ ಒಂದು ಪುಟ್ಟ ಉಕ್ಕಿನ ಚರೆ ಕೂತಿದೆಯೇ?

ನಮಸ್ಕಾರ.