ಕಡಲ ತಳದ ಗಣಿಗೆ ಇಳಿದ ಯುವರಾಣಿ

ಗಾಳಿ ಸದ್ದು ಕೇಳಿಸ್ತಿದೆಯಲ್ಲ? ಮೈಕಿಗೆ ಬಟ್ಟೆ ಸುತ್ತಿದ್ರೂ ಬಿಡಲಿಲ್ಲ. ಅದಕ್ಕೇ ರಾತ್ರಿ ರೂಮಲ್ಲಿ ಕೂತು ಈ ಮಾತು ಸೇರಿಸ್ತಿದೀನಿ.

ನೀವು ನೋಡ್ತಿರೋದು ಇಂಗ್ಲೆಂಡಿನ ನೈಋತ್ಯ ಮೂಲೆ. ಕಾರ್ನ್‌ವಾಲ್‌ನ ಸೇಂಟ್ ಜಸ್ಟ್ ಪಕ್ಕದ ಬೊಟಾಲಕ್ ಗಣಿ. ಅಲೆ ಬಡಿಯೋ ಬಂಡೆಗೆ ಎರಡು ಕಲ್ಲಿನ ಕಟ್ಟಡ ಅಂಟಿಕೊಂಡಿವೆಯಲ್ಲ, ಅವು ಎಂಜಿನ್ ಮನೆಗಳು. ಕೆಳಗಿನದು ಗಣಿಯ ನೀರೆತ್ತೋಕೆ. ಮೇಲಿನದು ಒಳಗಿಂದ ಅದಿರು ಎಳೆಯೋಕೆ. ತವರ, ತಾಮ್ರದ ಎಳೆ ಹಿಡಿದು ಇಲ್ಲಿನ ಜನ ಸಮುದ್ರದ ಅಡಿಗೇ ಅರ್ಧ ಮೈಲಿಯಷ್ಟು ದೂರ ಕೊರೆದುಕೊಂಡು ಹೋದರು. ಬಿರುಗಾಳಿ ಎದ್ದಾಗ ಕಡಲ ತಳದಲ್ಲಿ ಬಂಡೆ ಉರುಳೋ ಸದ್ದು ಅವರ ನೆತ್ತಿ ಮೇಲೇ ಕೇಳ್ತಿತ್ತು.

ಅಷ್ಟು ಆಳಕ್ಕೆ ಇಳಿಯೋದು, ಹತ್ತೋದು ಎಲ್ಲಾ ಏಣಿ ಮೇಲೇ. ಇಡೀ ದಿನ ಬಂಡೆ ಒಡೆದು ಸುಸ್ತಾದ ಮೈಯಲ್ಲಿ ಮೇಲಕ್ಕೆ ಹತ್ತಬೇಕು! 1858ರಲ್ಲಿ ಸಮುದ್ರದ ಕಡೆಗೆ ಇಳಿಜಾರಾಗಿ ಒಂದು ಶಾಫ್ಟ್, ಅಂದ್ರೆ ಗಣಿಗೆ ಇಳಿಯೋ ಸುರಂಗ, ತೋಡೋಕೆ ಶುರು ಮಾಡಿದ್ರು. ಬೊಸ್ಕಾವೆನ್ ಶಾಫ್ಟ್. ಅದರೊಳಗೆ ಹಳಿ, ಹಳಿ ಮೇಲೆ ಒಂದು ಗಾಡಿ.

1865ರ ಜುಲೈ 24ರಂದು ಆ ಗಾಡಿಯಲ್ಲಿ ಕೂತು ಇಳಿದವರು ವಿಕ್ಟೋರಿಯಾ ರಾಣಿಯ ಮಗ, ಯುವರಾಜ ಎಡ್ವರ್ಡ್, ಮತ್ತು ಹೆಂಡತಿ ಅಲೆಕ್ಸಾಂಡ್ರಾ. ಅವರಿಗೆ 23, ಈಕೆಗೆ 20. ರಾಣಿ ತಾನೂ 1846ರಲ್ಲಿ ಇದೇ ಕಾರ್ನ್‌ವಾಲ್‌ನ ರೆಸ್ಟಾರ್ಮೆಲ್ ಕಬ್ಬಿಣದ ಗಣಿಯೊಳಗೆ ಹೋಗಿ ಬಂದಿದ್ದಳು. ಆದರೆ ಅದು ಸಮುದ್ರದ ಕೆಳಗಿನ ಗಣಿ ಅಲ್ಲ.

ನನ್ನ ಮನಸ್ಸು ನಿಂತಿದ್ದು ಅಲೆಕ್ಸಾಂಡ್ರಾ ಹತ್ತಿರ. ಎರಡನೇ ಮಗ ಹುಟ್ಟಿದ್ದು ಅದೇ ಜೂನ್ 3ಕ್ಕೆ. ಲೆಕ್ಕ ಹಾಕಿ, ಎರಡು ತಿಂಗಳೂ ತುಂಬಿರಲಿಲ್ಲ. ನಮ್ಮ ಕಡೆ ಆಗಿದ್ರೆ ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಕಟ್ಟಿ, ಬಾಣಂತಿಗೆ ಗಾಳಿ ಸೋಕದ ಹಾಗೆ ನೋಡ್ಕೊಳ್ತಿದ್ರು. ಆ ಹುಡುಗಿ ಒದ್ದೆ ಕತ್ತಲೆಗೆ ಇಳಿದಳು. ಅವಳ ಧೈರ್ಯ ನನಗೆ ನಿಜಕ್ಕೂ ಇಷ್ಟವಾಯ್ತು. ಕಾರ್ನ್‌ವಾಲ್‌ನಲ್ಲಿ ಹೆಂಗಸರು ಗಣಿ ಒಳಗೆ ಕೆಲಸಕ್ಕೆ ಇಳೀತಿರಲಿಲ್ಲ. ಮೇಲೆ, ಬಯಲಲ್ಲಿ ನಿಂತು ಸುತ್ತಿಗೆಯಿಂದ ಅದಿರು ಕುಟ್ಟೋರು. ತಮ್ಮ ಅಣ್ಣ, ಅಪ್ಪ ದಿನಾ ಹೋಗೋ ಜಾಗವನ್ನ ಅವರಲ್ಲಿ ಎಷ್ಟು ಜನ ಕಣ್ಣಾರೆ ನೋಡಿದ್ರೋ!

ಇನ್ನೊಂದು ಮಾತು ಹೇಳಲೇಬೇಕು. ಈ ಭೇಟಿಗೆ ಎರಡು ವರ್ಷ ಮುಂಚೆ, 1863ರ ಏಪ್ರಿಲ್‌ನಲ್ಲಿ, ಇದೇ ಶಾಫ್ಟ್‌ನಲ್ಲಿ ಗಾಡಿಯ ಸರಪಳಿ ತುಂಡಾಯ್ತು. ಎಂಟು ಗಂಡಸರು, ಒಬ್ಬ ಹುಡುಗ, ಒಟ್ಟು ಒಂಬತ್ತು ಜೀವ ಹೋಯ್ತು. ಏಣಿ ಹತ್ತೋ ಕಷ್ಟ ತಪ್ಪಲಿ ಅಂತ ಗಾಡಿಯಲ್ಲಿ ಕೂತವರು ಅವರು. ಯುವರಾಣಿ ಇಳಿದ ಕಥೆ ಹಬ್ಬಿದ ಮೇಲೆ ಊರೂರಿಂದ ಜನ ಇಲ್ಲಿ ಇಳಿದು ನೋಡೋಕೆ ಬಂದರು. ಅವತ್ತು ಹಳಿ ಪಕ್ಕ ನಿಂತು ರಾಜಮನೆತನದವರ ಗಾಡಿ ಇಳಿಯೋದನ್ನ ನೋಡಿದ ಗಣಿಯವರಿಗೆ ಆ ಸರಪಳಿ ನೆನಪಾಗದೆ ಇದ್ದೀತೇ?

ತವರ, ತಾಮ್ರದ ಬೆಲೆ ಬಿದ್ದು 1895ರಲ್ಲಿ ಬೊಟಾಲಕ್ ಮುಚ್ಚಿತು. ಅಷ್ಟರಲ್ಲಿ ಕಾರ್ನ್‌ವಾಲ್‌ನ ಎಷ್ಟೋ ಗಣಿ ಕೆಲಸಗಾರರು ನಮ್ಮ ಕೋಲಾರದ ಚಿನ್ನದ ಗಣಿಗೆ ಬಂದಾಗಿತ್ತು.

ಮತ್ತೆ ಅಲೆಕ್ಸಾಂಡ್ರಾಳ ಮೊದಲ ಮಗ, ಆಲ್ಬರ್ಟ್ ವಿಕ್ಟರ್. ಅಮ್ಮ ಇಲ್ಲಿ ಇಳಿದಾಗ ಅವನು ಒಂದೂವರೆ ವರ್ಷದ ಕೂಸು. 1889ರ ನವೆಂಬರ್ 30ರಂದು ಬೆಂಗಳೂರಿಗೆ ಬಂದು ಲಾಲ್‌ಬಾಗಿನ ಗಾಜಿನ ಮನೆಗೆ ಅಡಿಗಲ್ಲು ಇಟ್ಟಿದ್ದು ಅವನೇ. ಫಲಪುಷ್ಪ ಪ್ರದರ್ಶನಕ್ಕೆ ಅಮ್ಮನ ಕೈ ಹಿಡಿದು ಎಷ್ಟು ಸಲ ಅಲ್ಲಿಗೆ ಹೋಗಿದೀನೋ. ಊರಿಗೆ ಬಂದ ಮೇಲೆ ಮೊದಲು ಅಲ್ಲಿಗೇ ಹೋಗ್ತೀನಿ, ಕ್ಯಾಮೆರಾ ತಗೊಂಡು.