ನಷ್ಟವಾದರೆ ಯಾರ ತೋಟಕ್ಕೆ ಕೈ?

ಕೇಳುಗರೆಲ್ಲರಿಗೂ ನಮಸ್ಕಾರ. ನಮ್ಮ ಕೊಡಗಿನ ಗೋಣಿಕೊಪ್ಪದಲ್ಲೋ ನಾಪೋಕ್ಲಿನಲ್ಲೋ ಅಡುಗೆಮನೆಯಲ್ಲಿ ಚಾಕೊಲೇಟ್ ಅಚ್ಚಿಗೆ ಸುರಿಯುತ್ತ ರೇಡಿಯೊ ಹಾಕಿಕೊಂಡಿರುವವರು ಇರುತ್ತೀರಿ. ಮೇಲಿನ ಎರಡು ಕೋಣೆ ಸುಮ್ನೆ ಖಾಲಿ ಬಿದ್ದಿವೆ, ಹೋಂಸ್ಟೇ ಮಾಡೋಣವಾ ಅಂತ ಯೋಚಿಸುತ್ತಿರುವವರೂ ಇರುತ್ತೀರಿ. ನನ್ನ ಮಾತು ನಿಮ್ಮ ಜೊತೆಗೇ.

ನಾನು ಲೆಕ್ಕಪರಿಶೋಧಕ. ಹೊಸದಾಗಿ ವ್ಯಾಪಾರ ಶುರು ಮಾಡುವವರು ನನ್ನ ಹತ್ತಿರ ಬಂದರೆ ಕೇಳುವುದು ಯಾವಾಗಲೂ ಇಷ್ಟೇ. ಹೆಸರು ಏನಿಡಲಿ? ಜಿಎಸ್‌ಟಿ ಬೇಕಾ? ಲೋನ್ ಸಿಗುತ್ತಾ? ಎಲ್ಲ ಸರಿ. ಆದರೆ ನಾನು ತಿರುಗಿ ಒಂದೇ ಪ್ರಶ್ನೆ ಕೇಳುತ್ತೇನೆ. ನಷ್ಟವಾದರೆ ಯಾರ ತೋಟಕ್ಕೆ ಕೈ ಬೀಳುತ್ತದೆ?

ವ್ಯಾಪಾರಕ್ಕೆ ಕಾನೂನಿನಲ್ಲಿ ಒಂದು ರೂಪ ಬೇಕು. ಒಬ್ಬರೇ ಮಾಲೀಕರಾಗಬಹುದು, ಪಾಲುದಾರಿಕೆ ಮಾಡಬಹುದು, ಎಲ್‌ಎಲ್‌ಪಿ ಅಂದರೆ ಸೀಮಿತ ಹೊಣೆಯ ಪಾಲುದಾರಿಕೆ ಮಾಡಬಹುದು, ಕಂಪನಿ ಮಾಡಬಹುದು. ಹೆಸರು ಕೇಳಿ ಗಾಬರಿಯಾಗಬೇಡಿ. ಆ ಒಂದು ಪ್ರಶ್ನೆ ಹಿಡಿದುಕೊಂಡರೆ ಸಾಕು, ಯಾವುದು ನಿಮಗೆ ಅಂತ ಗೊತ್ತಾಗುತ್ತದೆ.

ಒಂದು ನಡೆದ ಸಂಗತಿ ಹೇಳುತ್ತೇನೆ. ಹೆಸರು ಬೇಡ. ಇಬ್ಬರು ಗೆಳೆಯರು. ಶಾಲೆಯಿಂದ ಜೊತೆಗೇ ಹಾಕಿ ಆಡಿದವರು. ಒಬ್ಬರಿಗೆ ಐದು ಎಕರೆ ತೋಟ ಇತ್ತು. ಇನ್ನೊಬ್ಬರಿಗೆ ತೋಟ ಇಲ್ಲ, ಆದರೆ ಕಾಫಿ ಹುರಿಯುವ ಕೈ ಬಹಳ ಚೆನ್ನಾಗಿತ್ತು. ವಾಸನೆ ನೋಡಿಯೇ ಬೀಜ ಎಷ್ಟು ಹುರಿದಿದೆ ಅಂತ ಹೇಳುತ್ತಿದ್ದರು. ಇಬ್ಬರೂ ಸೇರಿ ಕಾಫಿ ಪುಡಿ ವ್ಯಾಪಾರ ಶುರು ಮಾಡಿದರು. ಲಾಭ ಅರ್ಧ ಅರ್ಧ ಅಂತ ಮಾತಾಯಿತು. ಕಾಗದ ಇಲ್ಲ, ಪತ್ರ ಇಲ್ಲ. ನನ್ನ ಮೇಜಿನ ಮೇಲೆ ಅವರು ಇಟ್ಟ ಲೆಕ್ಕದ ಪುಸ್ತಕ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಮಕ್ಕಳು ಬರೆಯುವ ನೋಟ್‌ಬುಕ್. ಮೊದಲ ನಾಲ್ಕು ಪುಟದಲ್ಲಿ ಮಗ್ಗಿ, ಐದನೇ ಪುಟದಿಂದ ವ್ಯಾಪಾರ.

ಎರಡು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ಮೈಸೂರಿನ ಒಬ್ಬ ಸಗಟು ವ್ಯಾಪಾರಿ ಜಾಸ್ತಿ ಮಾಲು ಕೇಳಿದರು. ಹುರಿಯುವ ಗೆಳೆಯ ಖುಷಿಯಲ್ಲಿ ಅಕ್ಕಪಕ್ಕದ ಬೆಳೆಗಾರರಿಂದ 120 ಚೀಲ ಕಾಫಿ ಸಾಲಕ್ಕೆ ತಂದರು. ನಮ್ಮಲ್ಲಿ ಒಂದು ಚೀಲ ಅಂದರೆ 50 ಕೆಜಿ, ಲೆಕ್ಕ ಹಾಕಿಕೊಳ್ಳಿ. ತೋಟ ಇದ್ದ ಗೆಳೆಯ ಆ ಚೀಟಿಗಳನ್ನು ನೋಡಿಯೂ ಇರಲಿಲ್ಲ. ಪುಡಿ ಮೈಸೂರಿಗೆ ಹೋಯಿತು, ದುಡ್ಡು ಬರಲಿಲ್ಲ.

ಬೆಳೆಗಾರರು ಯಾರ ಮನೆಗೆ ಹೋದರು? ತೋಟ ಇದ್ದವರ ಮನೆಗೆ! ನಾನು ಸಹಿ ಹಾಕಿಲ್ಲ ಅಂದರು ಅವರು. ಕಾನೂನು ಒಪ್ಪುವುದಿಲ್ಲ. ನಮ್ಮ ಪಾಲುದಾರಿಕೆ ಕಾಯ್ದೆ 1932ರದ್ದು. ವ್ಯಾಪಾರಕ್ಕಾಗಿ ಒಬ್ಬ ಪಾಲುದಾರ ಮಾಡಿದ ಸಾಲ ಎಲ್ಲ ಪಾಲುದಾರರ ಸಾಲ. ಅರ್ಧ ಅಲ್ಲ, ಪೂರ್ತಿ ಸಾಲವನ್ನು ಒಬ್ಬರಿಂದಲೇ ವಸೂಲಿ ಮಾಡಬಹುದು. ಕೊಡುವ ಶಕ್ತಿ ಯಾರಿಗಿದೆಯೋ ಅವರನ್ನೇ ಹಿಡಿಯುತ್ತಾರೆ, ಅಲ್ವಾ?

ಸರಿ, ಮೈಸೂರಿನವರ ಮೇಲೆ ಕೇಸು ಹಾಕೋಣ ಅಂತ ವಕೀಲರ ಹತ್ತಿರ ಹೋದರು. ವಕೀಲರು ಮೊದಲು ಕೇಳಿದ್ದು, ನಿಮ್ಮ ಸಂಸ್ಥೆ ನೋಂದಣಿ ಆಗಿದೆಯಾ? ಆಗಿರಲಿಲ್ಲ. ನೋಂದಣಿ ಆಗದ ಪಾಲುದಾರಿಕೆ ಸಂಸ್ಥೆ ಹೊರಗಿನವರಿಂದ ಬಾಕಿ ವಸೂಲಿಗೆ ಕೋರ್ಟಿಗೆ ಹೋಗುವ ಹಾಗಿಲ್ಲ. ಆದರೆ ಬೇರೆಯವರು ಅದರ ವಿರುದ್ಧ ಕೋರ್ಟಿಗೆ ಹೋಗಬಹುದು. ಈಗಲಾದರೂ ನೋಂದಣಿ ಮಾಡಿಸಿ ಅಂದರು ವಕೀಲರು. ಅರ್ಜಿಗೆ ಎಲ್ಲ ಪಾಲುದಾರರೂ ಸಹಿ ಹಾಕಬೇಕು. ಅಷ್ಟು ಹೊತ್ತಿಗೆ ಇಬ್ಬರಿಗೂ ಮಾತು ಬಿಟ್ಟುಹೋಗಿತ್ತು. ಸಹಿ ಬೀಳಲಿಲ್ಲ. ಬಾಕಿ ಕೇಳಲು ಇರುವ 3 ವರ್ಷದ ಅವಧಿಯೂ ದಾಟಿತು.

ಕೊನೆಗೆ ಸಾಲ ತೀರಿಸಲು ತೋಟ ಇದ್ದ ಗೆಳೆಯ ತಮ್ಮ ತೋಟದ ಸಿಲ್ವರ್ ಓಕ್ ಮರ ಮಾರಿದರು. ಮರ ಕಡಿಯುವ ದಿನ ನಾನು ಅಲ್ಲಿಗೆ ಹೋಗಿದ್ದೆ. ಮರ ಬೀಳುವಾಗ ಅದಕ್ಕೆ ಹಬ್ಬಿದ ಕರಿಮೆಣಸಿನ ಬಳ್ಳಿಯೂ ಜೊತೆಗೆ ಬಿತ್ತು. ಹಸಿರು ಗೊನೆಗಳು ಕಾಫಿ ಗಿಡದ ಮೇಲೆಲ್ಲ ಚೆಲ್ಲಿದವು. ಅವರ ತಾಯಿ ಬಗ್ಗಿ ಒಂದೊಂದೇ ಗೊನೆ ಆರಿಸಿ ಸೆರಗಿಗೆ ಹಾಕಿಕೊಳ್ಳುತ್ತಿದ್ದರು. ಅದಕ್ಕೇ ನಾನು ಈ ಪ್ರಶ್ನೆ ಬಿಡುವುದಿಲ್ಲ. ನಷ್ಟವಾದರೆ ಯಾರ ತೋಟಕ್ಕೆ ಕೈ ಬೀಳುತ್ತದೆ?

ಕಾಗದ ಮಾಡಿಲ್ಲ, ಹಾಗಾಗಿ ನಮ್ಮದು ಪಾಲುದಾರಿಕೆ ಅಲ್ಲ ಅಂತ ಎಷ್ಟೋ ಜನ ನನ್ನ ಜೊತೆ ವಾದ ಮಾಡುತ್ತಾರೆ. ದಯವಿಟ್ಟು ಕೇಳಿ. ಬಾಯಿಮಾತಿನ ಪಾಲುದಾರಿಕೆಯೂ ಪಾಲುದಾರಿಕೆಯೇ. ಅಣ್ಣ ತಮ್ಮ ಸೇರಿ ಹೋಂಸ್ಟೇ ನಡೆಸಿ ಲಾಭ ಹಂಚಿಕೊಂಡರೂ ಅದೇ. ಜಾಗ ಒಕ್ಕದ್ದು, ಅಂದರೆ ಇಡೀ ಕುಲದ್ದಾಗಿದ್ದರಂತೂ ಐನ್‌ಮನೆಯಲ್ಲಿ, ಅಂದರೆ ಹಿರಿಯರ ಮೂಲಮನೆಯಲ್ಲಿ ಎಲ್ಲರೂ ಕೂತು ಮಾತಾಡಿ, ಬರೆದಿಟ್ಟ ಮೇಲೇ ಬೋರ್ಡ್ ಹಾಕಿ.

ಹಾಗಾದರೆ ಏನು ಮಾಡಬೇಕು? ನೀವು ಒಬ್ಬರೇ, ಚಾಕೊಲೇಟು, ಉಪ್ಪಿನಕಾಯಿ, ಜೇನು ಮಾರುತ್ತೀರಿ, ಸಾಲ ಇಲ್ಲ ಅಂದರೆ ಒಂಟಿ ಮಾಲೀಕತ್ವ ಸಾಕು. ಖರ್ಚು ಕಡಿಮೆ. ಆಧಾರ್, ಪ್ಯಾನ್ ಇದ್ದರೆ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮಗಳಿಗೆ ಸರ್ಕಾರ ಮಾಡುವ ನೋಂದಣಿ, ಪುಕ್ಕಟೆ ಆಗುತ್ತದೆ. ಆದರೆ ಉದ್ಯಮ್ ಸರ್ಟಿಫಿಕೇಟ್ ನಿಮ್ಮ ತೋಟ ಕಾಯುವುದಿಲ್ಲ. ಅಂಗಡಿಯ ಸಾಲ ನಿಮ್ಮ ಸಾಲವೇ.

ಇಬ್ಬರು ಮೂವರು ಸೇರಿದ್ದೀರಿ, ಸಾಲಕ್ಕೆ ಮಾಲು ತರುತ್ತೀರಿ ಅಂದರೆ ಎಲ್‌ಎಲ್‌ಪಿ ಮಾಡಿ. 2008ರ ಕಾಯ್ದೆ. ಕನಿಷ್ಠ ಇಬ್ಬರು ಬೇಕು. ಇಲ್ಲಿ ಸಂಸ್ಥೆಯೇ ಬೇರೆ, ನೀವೇ ಬೇರೆ. ಸಾಲ ಸಂಸ್ಥೆಯದ್ದು. ನೀವು ಹಾಕಿದ ಬಂಡವಾಳ ಹೋಗಬಹುದು, ತೋಟ ಉಳಿಯುತ್ತದೆ. ವ್ಯಾಪಾರ ಸೊನ್ನೆಯಾದರೂ ವರ್ಷಕ್ಕೆ ಎರಡು ಫಾರಂ ಸಲ್ಲಿಸಬೇಕು, ಮರೆತರೆ ದಂಡ. ಇನ್ನೊಂದು ಮಾತು. ಬ್ಯಾಂಕಿನಲ್ಲಿ ವೈಯಕ್ತಿಕ ಗ್ಯಾರಂಟಿ ಅಂತ ಒಂದು ಕಾಗದ ಮುಂದಿಡುತ್ತಾರೆ. ಅದಕ್ಕೆ ಸಹಿ ಹಾಕಿದಿರೋ, ಆ ಸಾಲಕ್ಕೆ ತೋಟ ಮತ್ತೆ ಸಿಕ್ಕಿಹಾಕಿಕೊಂಡಿತು. ಓದದೆ ಸಹಿ ಹಾಕಬೇಡಿ.

ಸಮಯ ಮುಗಿಯುತ್ತ ಬಂತು ಅಂತ ಒಳಗಿನಿಂದ ಸನ್ನೆ ಮಾಡುತ್ತಿದ್ದಾರೆ. ಬೇಗ ಹೇಳಿಬಿಡುತ್ತೇನೆ. ಹೊರಗಿನವರು ಷೇರು ತೆಗೆದುಕೊಂಡು ಬಂಡವಾಳ ಹಾಕುವುದಾದರೆ ಪ್ರೈವೇಟ್ ಲಿಮಿಟೆಡ್ ಕಂಪನಿ. ಇಬ್ಬರು ಸಾಕು, 200 ಜನರವರೆಗೆ ಸೇರಬಹುದು. ಒಬ್ಬರೇ ಇದ್ದೀರಿ, ತೋಟಕ್ಕೆ ರಕ್ಷಣೆಯೂ ಬೇಕು ಅಂದರೆ ಏಕವ್ಯಕ್ತಿ ಕಂಪನಿ, ಅದು 2013ರ ಕಾಯ್ದೆಯಲ್ಲಿ ಬಂದದ್ದು. ಹತ್ತು ಜನ ಬೆಳೆಗಾರರು ಸೇರಿ ಮೆಣಸೋ ಕಿತ್ತಳೆಯೋ ಒಟ್ಟಿಗೆ ಮಾರುತ್ತೀರಾ? ಅದಕ್ಕೆ ಉತ್ಪಾದಕರ ಕಂಪನಿ ಇದೆ. ಅದರ ಬಗ್ಗೆಯೇ ಒಂದು ಗಂಟೆ ಮಾತಾಡುವ ಆಸೆ ನನಗೆ, ಇವತ್ತು ಆಗಲಿಲ್ಲ.

ಈಗಾಗಲೇ ಪಾಲುದಾರಿಕೆಯಲ್ಲಿ ಇರುವವರು ಪತ್ರ ಬರೆಸಿ, ನೋಂದಣಿ ಮಾಡಿಸಿ. ಇಬ್ಬರ ನಡುವೆ ಮಾತು ಚೆನ್ನಾಗಿರುವಾಗಲೇ ಮಾಡಿಸಿ. ನಮಸ್ಕಾರ.